ಜುಪಿಟರ್-8 (ಮಸೂರ)

ಜುಪಿಟರ್-8 ಎಂಬುದು ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾಗಳಿಗಾಗಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಮಸೂರ. ಇದರ ಸಂಗಮದೂರ 50 ಮಿ.ಮೀ., ಗರಿಷ್ಠ ದ್ಯುತಿರಂಧ್ರ ಎಫ್/2. ಜೋರ್ಕಿ ಕ್ಯಾಮೆರಾಗಳೊಂದಿಗೆ ಅಪಾರ ಸಂಖ್ಯೆಯಲ್ಲಿ ಮಾರಾಟವಾದ ಕಾರಣ ಇದು ಲೈಕಾ ಮಸೂರಗಳಿಗಿಂತ ಬಹಳ ಅಗ್ಗ. ಈ ಅಗ್ಗದ ಬೆಲೆ ಕಳಪೆ ವಿನ್ಯಾಸದ ಸೂಚನೆಯಲ್ಲ.

ವಿನ್ಯಾಸ

ಜರ್ಮನಿಯ ಝೈಸ್ ಸಂಸ್ಥೆಗಾಗಿ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಸೊನ್ನಾರ್ ಮಸೂರವೇ ಇದರ ಮೂಲ. ಎರಡನೆಯ ಮಹಾಯುದ್ಧದ ನಂತರ ಆ ತಂತ್ರಜ್ಞಾನ ಸೋವಿಯತ್ ಕಾರ್ಖಾನೆಗಳಿಗೆ ದೊರೆಯಿತು. ಇದರ 6 ಗಾಜುಗಳು 3 ಗುಂಪುಗಳಲ್ಲಿವೆ. ಗುಂಪುಗಳು ಕಡಿಮೆಯಾದ್ದರಿಂದ ಗಾಳಿಗೆ ತೆರೆದ ಮೇಲ್ಮೈಗಳು 6 ಮಾತ್ರ. ಆದ್ದರಿಂದ ಒಳಪ್ರತಿಫಲನ ತಗ್ಗಿ, ಚಿತ್ರದಲ್ಲಿ ಬೆಳಕು-ನೆರಳುಗಳ ಅಂತರ ಸ್ಪಷ್ಟವಾಗಿ ಮೂಡುತ್ತದೆ.

ಹೊಂದಾಣಿಕೆ

39 ಮಿ.ಮೀ. ತಿರುಪಿನ ಮಾದರಿಯು ಜೋರ್ಕಿ, ಫೆಡ್ ಹಾಗೂ ಹಳೆಯ ತಿರುಪಿನ ಲೈಕಾ ಕ್ಯಾಮೆರಾಗಳಿಗೆ ಹೊಂದುತ್ತದೆ. ಕೀವ್ ಕ್ಯಾಮೆರಾಗಳಿಗಾಗಿ ಮಾಡಿದ ಮಾದರಿಯ ಜೋಡಣೆ ಬೇರೆ. ಲೈಕಾದಲ್ಲಿ ದ್ಯುತಿರಂಧ್ರವನ್ನು ಪೂರ್ತಿ ತೆರೆದು ಹತ್ತಿರದ ವಸ್ತುವನ್ನು ಸೆರೆಹಿಡಿಯುವಾಗ ಸ್ಪಷ್ಟತೆಯ ಬಿಂದು ತುಸು ಸರಿಯಬಹುದು. ದ್ಯುತಿರಂಧ್ರವನ್ನು ಕಿರಿದಾಗಿಸಿದರೆ ಈ ದೋಷ ಮರೆಯಾಗುತ್ತದೆ.

ಪರೀಕ್ಷೆ

ಕೊಳ್ಳುವ ಮುನ್ನ ಮಸೂರವನ್ನು ಬೆಳಕಿಗೆ ಹಿಡಿದು ಶಿಲೀಂಧ್ರದ ಎಳೆಗಳು, ಮಬ್ಬು ಹಾಗೂ ಅಂಟು ಬಿಟ್ಟ ಗುರುತುಗಳಿವೆಯೇ ಎಂದು ನೋಡಬೇಕು. ದ್ಯುತಿರಂಧ್ರವನ್ನು ಕೈಯಿಂದಲೇ ಹೊಂದಿಸುವುದರಿಂದ, ಅದರ ಅಲಗುಗಳ ಮೇಲಿನ ಎಣ್ಣೆ ಸಾಮಾನ್ಯವಾಗಿ ಬಳಕೆಗೆ ಅಡ್ಡಿಯಾಗದು. ಶಿಲೀಂಧ್ರವಾದರೋ ಗಾಜಿನ ಲೇಪನವನ್ನೇ ಕೆಡಿಸಬಲ್ಲದು.