ನಿಮ್ಮೂರಿನ ಗಾಳಿ ಹೇಗಿದೆ?

ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅನಿವಾರ್ಯವೆಂದು ಹೇಳುವ ಆರು ಅಂಶಗಳಲ್ಲಿ ಮೊದಲನೆಯದು ಗಾಳಿ. ಅನ್ನ, ನೀರು ಆಮೇಲೆ. ನೀರನ್ನು ಸೋಸಿ ಕುಡಿಯುವ ನಾವು ಗಾಳಿಯ ಬಗ್ಗೆ ಯೋಚಿಸುವುದೇ ಕಡಿಮೆ.

ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು, ಶಹಾಬಾದಿನಲ್ಲಿ ಪರಸಿ ಕಲ್ಲಿನ ಗಣಿಗಳು. ತೆಂಗಳಿಯಂತಹ ಹಳ್ಳಿಗಳಲ್ಲಿ ರಸ್ತೆಯ ಧೂಳು, ತೊಗರಿ ಕಟ್ಟಿಗೆ ಉರಿಸುವ ಒಲೆಯ ಹೊಗೆ. ಇವನ್ನೆಲ್ಲ ಮಕ್ಕಳು, ವೃದ್ಧರು ಮತ್ತು ದಮ್ಮಿನ ರೋಗಿಗಳೇ ಹೆಚ್ಚು ಅನುಭವಿಸುತ್ತಾರೆ.

ಅಂಕಿ ಓದುವುದು ಹೇಗೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಗಾಳಿಯ ಗುಣಮಟ್ಟವನ್ನು 0ರಿಂದ 500ರವರೆಗಿನ ಅಂಕಿಯಲ್ಲಿ ನೋಡಬಹುದು. 50ರವರೆಗೆ ಉತ್ತಮ, 100ರವರೆಗೆ ಸಮಾಧಾನಕರ. 100 ದಾಟಿದರೆ ದಮ್ಮು ಇರುವವರು ಎಚ್ಚರವಾಗಿರಬೇಕು. 200 ದಾಟಿದರೆ ಎಲ್ಲರೂ. ಆದರೆ ಕಲಬುರಗಿ ಕೇಂದ್ರದ ಅಂಕಿ ಕಲಬುರಗಿಯದು, ನಿಮ್ಮ ಓಣಿಯದಲ್ಲ. ಆದ್ದರಿಂದ ಮನೆಯಲ್ಲೇ ಒಂದು ವಹಿ ಇಡಿ. ಧೂಳು ಹೆಚ್ಚಿದ ದಿನ, ಗಾಳಿ ಬೀಸಿದ ದಿಕ್ಕು, ಮಗು ರಾತ್ರಿ ಕೆಮ್ಮಿದ್ದು, ಇವನ್ನು ತಾರೀಕಿನೊಂದಿಗೆ ಬರೆಯಿರಿ. ವೈದ್ಯರಿಗೆ ಅದು ಉಪಯುಕ್ತ. ಗಾಳಿ ಪರೀಕ್ಷಿಸಲು ಪಂಚಾಯಿತಿ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮನವಿ ಕೊಡುವಾಗಲೂ ನೆರವಾಗುತ್ತದೆ.

ಕಣ್ಣಿಗೆ ಕಾಣದ ಓಝೋನ್

ಆಕಾಶದಲ್ಲಿ ಬಹಳ ಎತ್ತರದಲ್ಲಿರುವ ಓಝೋನ್ ನಮ್ಮನ್ನು ಬಿಸಿಲಿನ ಅಪಾಯಕಾರಿ ಕಿರಣಗಳಿಂದ ಕಾಯುತ್ತದೆ. ಅದೇ ಓಝೋನ್ ನೆಲದ ಬಳಿ ಇದ್ದರೆ ಶ್ವಾಸಕೋಶಕ್ಕೆ ಉರಿ. ವಾಹನ, ಕಾರ್ಖಾನೆಗಳ ಹೊಗೆ ಸುಡುಬಿಸಿಲಿಗೆ ಸಿಕ್ಕಾಗ ಅದು ಹುಟ್ಟುತ್ತದೆ, ಗಾಳಿಯೊಂದಿಗೆ ಹಳ್ಳಿಗಳಿಗೂ ಬರುತ್ತದೆ. ನಮ್ಮ ದೇಶದ ಮಿತಿ 8 ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ. ಗಂಟಲು ಕೆರೆತ, ಎದೆ ಬಿಗಿತ, ಆಳವಾಗಿ ಉಸಿರೆಳೆದಾಗ ಕೆಮ್ಮು ಇದರ ಲಕ್ಷಣಗಳು. ಧೂಳು ತಡೆಯುವ ಮಾಸ್ಕ್ ಓಝೋನ್ ತಡೆಯುವುದಿಲ್ಲ.

ಹೊತ್ತು ನೋಡಿ ಹೊರಡಿ

ಬೇಸಿಗೆಯಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಓಝೋನ್ ಹೆಚ್ಚು. ಹೊಲದ ಕೆಲಸ, ಮಕ್ಕಳ ಆಟ ಬೆಳಿಗ್ಗೆಯೇ ಮುಗಿಯಲಿ. ಚಳಿಗಾಲದಲ್ಲಿ ಇದು ತಿರುವುಮುರುವು: ನಸುಕಿನಲ್ಲಿ ಹೊಗೆ, ಧೂಳು ನೆಲದ ಹತ್ತಿರವೇ ನಿಂತಿರುತ್ತವೆ. ದಮ್ಮು ಇರುವವರು ಬಿಸಿಲೇರಿದ ಮೇಲೆ ವಾಕಿಂಗ್ ಮಾಡಲಿ.

ಅಂಗಳಕ್ಕೆ ನೀರು ಚಿಮುಕಿಸಿ ಕಸ ಗುಡಿಸಿ. ಪ್ಲಾಸ್ಟಿಕ್ ಸುಡಬೇಡಿ. ಒಲೆಯ ಹೊಗೆ ಹೊರಹೋಗಲು ದಾರಿ ಮಾಡಿ. ಕಲ್ಲಿನ ಕೆಲಸಕ್ಕೆ ಎನ್-95 ಮಾಸ್ಕ್ ಧರಿಸಿ.

ಕೊನೆಗೆ, ಹಕೀಮನಾಗಿ ಒಂದು ಮಾತು. ಜೋಶಾಂದಾ ಗಂಟಲಿಗೆ ಹಿತ ಕೊಡಬಹುದು, ಆದರೆ ಅದು ಇನ್‌ಹೇಲರ್‌ಗೆ ಬದಲಿಯಲ್ಲ. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ನಿಲ್ಲಿಸಬೇಡಿ. ಉಸಿರು ಸಾಲದೆ ಮಾತು ತುಂಡಾದರೆ, ತುಟಿ ನೀಲಿಯಾದರೆ ಯಾವ ಮನೆಮದ್ದೂ ಬೇಡ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.