ದೀಪಾವಳಿ ಆಗೋತನಕ ಅವರಿ ಬಳ್ಳಿ ಕೀಳಬ್ಯಾಡ್ರಿ

ಅವ್ವ ಬೂದಿ ಬೆರೆಸಿ ಗಡಿಗೆಯಲ್ಲಿ ಜೋಪಾನ ಮಾಡಿದ್ದ ನಾಟಿ ಚಪ್ಪರದವರೆ ಬೀಜವನ್ನು ನಾನು ಒಂದೇ ವರ್ಷದಲ್ಲಿ ಕಳೆದೆ. ಹಿತ್ತಲಿಗೆ ಬೋರಿನ ನೀರು ಬಂದಿತ್ತು. ನೀರಿದ್ದ ಮೇಲೆ ಮಳೆಗೆ ಯಾಕೆ ಕಾಯೋದು ಅಂತ ಯುಗಾದಿಗೇ ಅಷ್ಟೂ ಬೀಜ ಊರಿಬಿಟ್ಟೆ.

ಬಳ್ಳಿ ಹಂದರ ತುಂಬಿ ತಗಡಿನ ಮೇಲೂ ಹರಿಯಿತು. ಹೂವು ಮಾತ್ರ ಒಂದೂ ಇಲ್ಲ. ಯೂರಿಯಾ ಹಾಕಿದೆ, ಇನ್ನಷ್ಟು ಎಲೆ ಬಂತು. "ದೀಪಾಳಿ ತನಕ ತಡಿಯಪ್ಪಾ" ಅಂದಳು ಅವ್ವ. ಬೀಜವೇ ಕೆಟ್ಟದ್ದು ಅಂದುಕೊಂಡು ಆಗಸ್ಟ್‌ನಲ್ಲಿ ಎಲ್ಲಾ ಕಿತ್ತು ಎಮ್ಮೆಗೆ ಹಾಕಿದೆ.

ಬೀಜದ್ದೇನೂ ತಪ್ಪಿರಲಿಲ್ಲ. ನಾಟಿ ಅವರೆ ಹಗಲು ಮೊಟಕಾದಾಗಲೇ ಹೂ ಬಿಡುವ ಬಳ್ಳಿ. ನಮ್ಮ ದೇವದುರ್ಗದಲ್ಲಿ ಜೂನ್‌ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ 11ರ ಆಸುಪಾಸು. ಯುಗಾದಿಗೆ ಊರಿದರೂ ಮಳೆಗಾಲ ಮುಗಿಯೋತನಕ ಅದು ಬರೀ ಎಲೆ ಬೆಳೆಸುತ್ತದೆ. ಬೆಂಗಳೂರು ಕೃಷಿ ವಿವಿಯ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4, ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳಿಗೆ ಈ ಹಂಗಿಲ್ಲ, ಗಿಡವೂ ಕುಳ್ಳು. ಮಾರಾಟಕ್ಕೆ ಬೇಕಾದವರು ಅವನ್ನು ನೋಡಬಹುದು. ಸಜ್ಜಿ ರೊಟ್ಟಿ ಜೋಡಿ ನನಗೆ ನಾಟಿಯದೇ ರುಚಿ, ಅದು ಬೇರೆ ಮಾತು.

ಜಾಲಹಳ್ಳಿಯ ಚಿಗವ್ವನ ಹತ್ತಿರ ಅವ್ವ ಹಿಂದೆ ಕೊಟ್ಟ ಬೀಜ ಉಳಿದಿತ್ತು. ಹನ್ನೊಂದು ಕಾಳು ಎಣಿಸಿ ಕೊಟ್ಟಳು. "ಎಲ್ಲಾ ಊರಬ್ಯಾಡ, ಅರ್ಧ ಇಟ್ಕೋ." ಮಿರಗ ಮಳೆ ಬಿದ್ದ ಮೇಲೆ ಆರು ಊರಿದೆ, ಐದು ಹುಟ್ಟಿದವು.

ಎರೆಮಣ್ಣಾದರೆ ಸ್ವಲ್ಪ ಏರಿ ಮಾಡಿ, ಒಂದು ಇಂಚು ಆಳಕ್ಕೆ ಊರಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಒಂದು ಬುಟ್ಟಿ ತಿಪ್ಪೆಗೊಬ್ಬರ ಸಾಕು. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನೇ ಹಿಡಿಯುತ್ತವೆ, ಯೂರಿಯಾ ಬೇಡ. ರಾತ್ರಿಯಿಡೀ ಎಲ್‌ಇಡಿ ಬಲ್ಬಿನ ಬೆಳಕು ಬೀಳುವ ಕಡೆ ಹಂದರ ಹಾಕಬೇಡಿ, ಹೂ ತಡವಾಗಬಹುದು. ಚಳಿ ಶುರುವಾದಾಗ ಕುಡಿಗೆ ಕರೀ ಹೇನು ಮುತ್ತುತ್ತದೆ. ಮೊದಲು ನೀರು ಜೋರಾಗಿ ಬಿಟ್ಟು ತೊಳೆಯಿರಿ. ಹೋಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು. ಹತ್ತಿಗೆ ತಂದ ಎಣ್ಣೆ ಮಿಕ್ಕಿದೆ ಅಂತ ಇದಕ್ಕೆ ಹೊಡೀಬ್ಯಾಡ್ರಿ, ಮಕ್ಕಳು ತಿನ್ನೋ ಕಾಯಿ.

ಬೀಜಕ್ಕೆ ಒಳ್ಳೆಯ ಬಳ್ಳಿಯೊಂದಕ್ಕೆ ದಾರ ಕಟ್ಟಿ, ಅದರ ಕಾಯಿ ಹರಿಯಬೇಡಿ. ಪಕ್ಕದಲ್ಲಿ ಬೇರೆ ತಳಿ ಬೇಡ, ಜೇನ್ನೊಣ ಅಷ್ಟಿಷ್ಟು ಪರಾಗ ಬೆರೆಸುತ್ತದೆ. ಕಾಯಿ ಬಳ್ಳಿಯಲ್ಲೇ ಒಣಗಬೇಕು. ಕಾಳು ಕಚ್ಚಿದರೆ ಹಲ್ಲಿನ ಗುರುತು ಬೀಳದೆ ಕಟ್ ಅಂತ ಒಡೆಯಬೇಕು. ಆಮೇಲೆ ಸೋಸಿದ ಬೂದಿ ಬೆರೆಸಿ ಬಿಗಿ ಡಬ್ಬಿಗೆ ಹಾಕಿ. ಬ್ಯಾಸಿಗ್ಯಾಗ ಒಮ್ಮೆ ತೆಗೆದು ನುಸಿ ನೋಡಿ.

ಐದೂ ಬಳ್ಳಿ ದೀಪಾವಳಿ ಮುಗಿದ ವಾರ ಹೂ ಬಿಟ್ಟವು. ಎಳ್ಳಮಾಸಿ ಬಜ್ಜಿಗೆ ಹಿತ್ತಲ ಕಾಯಿನೇ ಆಯ್ತು. ಈಗ ಒಂದು ಡಬ್ಬಿ ಬೀಜ ನಮ್ಮ ಮನೆಯಲ್ಲಿದೆ, ಇನ್ನೊಂದನ್ನು ಚಿಗವ್ವನಿಗೆ ಕೊಟ್ಟು ಬಂದೀನಿ.