ಗುಂಡಿ ಒಂದು ಕಡೆ, ಪರದೆ ಇನ್ನೊಂದು ಕಡೆ: ಮತಯಂತ್ರವನ್ನು ಬಿಡಿಸಿ ಕಲಿಸುವ ಬಗೆ

ತಿಕೋಟಾ ಭಾಗದ ಒಂದು ಶಾಲೆಗೆ ಅಭ್ಯಾಸ ಬೋಧನೆಯ ವೀಕ್ಷಣೆಗೆ ಹೋಗಿದ್ದಾಗ ಅಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆದಿತ್ತು. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಮೊಬೈಲಿನಲ್ಲಿ ಮತಯಂತ್ರದ ಆ್ಯಪ್ ಹಾಕಿಕೊಂಡು, ಅದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲೇ ಕುಳಿತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದರು. ಸಾಲು ಚುರುಕಾಗಿ ಸಾಗುತ್ತಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಬೆರಳು ಮುಂದೆ ಮಾಡಿ, ಒತ್ತದೆ ನಿಂತಳು.

"ಸರ್, ನಾ ಯಾರಿಗಿ ಒತ್ತತೀನಿ ಅನ್ನೂದು ನಿಮಗ ಕಾಣಸ್ತೈತಲ್ರಿ?"

"ನಾ ನೋಡೂದಿಲ್ಲವಾ, ಒತ್ತು" ಎಂದು ಪ್ರಶಿಕ್ಷಣಾರ್ಥಿ ಮುಖ ಆಚೆ ತಿರುಗಿಸಿದರು. ಹುಡುಗಿ ಒತ್ತಿ ಹೋದಳು. ಆದರೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಗುಟ್ಟು ಉಳಿಯುವುದು ಎದುರಿಗಿದ್ದವರು ಮುಖ ತಿರುಗಿಸುವುದರ ಮೇಲೆ ನಿಂತರೆ, ಅವರು ಯಾವಾಗ ಬೇಕಾದರೂ ಇತ್ತ ತಿರುಗಬಹುದು. ನಿಜವಾದ ಮತಯಂತ್ರದಲ್ಲಿ ಈ ತೊಡಕನ್ನು ಯಂತ್ರದ ರಚನೆಯಲ್ಲೇ ಬಿಡಿಸಲಾಗಿದೆ. ಒತ್ತುವ ಗುಂಡಿಗಳನ್ನು ಅಂಕಿ ತೋರಿಸುವ ಪರದೆಯಿಂದ ಬೇರ್ಪಡಿಸಿ, ನಡುವೆ ತಂತಿ ಎಳೆಯಲಾಗಿದೆ. ಸಮಾಜ ವಿಜ್ಞಾನದ ಚುನಾವಣೆಯ ಪಾಠವನ್ನೂ ವಿಜ್ಞಾನದ ವಿದ್ಯುತ್ ಮಂಡಲದ ಪಾಠವನ್ನೂ ಒಟ್ಟಿಗೆ ಕಲಿಸಲು ಇದು ಒಳ್ಳೆಯ ವಿಷಯ.

ಉಪಕರಣದ ಮೂರು ಕೆಲಸ

ಯಾವುದೇ ವಿದ್ಯುನ್ಮಾನ ಉಪಕರಣದಲ್ಲಿ ಮೂರು ಕೆಲಸಗಳಿರುತ್ತವೆ: ಸೂಚನೆ ಪಡೆಯುವುದು, ಅದನ್ನು ಸಂಸ್ಕರಿಸಿ ನೆನಪಿಡುವುದು, ಫಲಿತಾಂಶ ತೋರಿಸುವುದು. ಕ್ಯಾಲ್ಕ್ಯುಲೇಟರಿನಲ್ಲಿ ಮೂರೂ ಒಂದೇ ಪೆಟ್ಟಿಗೆಯಲ್ಲಿವೆ; ಒತ್ತುವವರೂ ನೋಡುವವರೂ ಒಬ್ಬರೇ ಆದ್ದರಿಂದ ಅದು ಸರಿಯಾಗಿಯೇ ಇದೆ. ಕಂಪ್ಯೂಟರಿನ ಕೀಬೋರ್ಡನ್ನು ಕಿತ್ತು ಬೇರೆಡೆ ಇಡಬಹುದು. ಅಲ್ಲಿ ಕೈಗೂ ಕಣ್ಣಿಗೂ ಅನುಕೂಲವಾಗಲೆಂಬುದು ಕಾರಣ.

ವಿಜಯಪುರದ ಮಾರುಕಟ್ಟೆಯಲ್ಲಿ ಒಣದ್ರಾಕ್ಷಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮಕ್ಕಳು ನೋಡಿರುತ್ತಾರೆ. ಕೆಲವು ತಕ್ಕಡಿಗಳಲ್ಲಿ ಪರದೆಯನ್ನು ಕಂಬದ ಮೇಲೆ ಎತ್ತರದಲ್ಲಿ ಇಟ್ಟಿರುತ್ತಾರೆ. ಕೊಡುವವನಿಗೂ ಕೊಳ್ಳುವವನಿಗೂ ತೂಕ ಕಾಣಲಿ ಎಂಬುದು ಅದರ ಉದ್ದೇಶ. ಅಲ್ಲಿ ಬೇರ್ಪಡಿಸಿರುವುದು ಬಯಲಾಗಲಿ ಎಂದು. ಮತಯಂತ್ರದಲ್ಲಿ ಬೇರ್ಪಡಿಸಿರುವುದು ಗುಟ್ಟಾಗಿರಲಿ ಎಂದು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು "ಏಕೆ ಬೇರೆ ಮಾಡಿದ್ದಾರೆ?" ಎಂದು ಕೇಳಿದರೆ ಪಾಠಕ್ಕೆ ಪೀಠಿಕೆ ಸಿಕ್ಕಂತೆಯೇ.

ಮತಯಂತ್ರದಲ್ಲಿ ಯಾವುದು ಎಲ್ಲಿದೆ

ನಮ್ಮ ದೇಶದ ಮತಯಂತ್ರಗಳನ್ನು ತಯಾರಿಸುವವು ಎರಡು ಸರ್ಕಾರಿ ಸಂಸ್ಥೆಗಳು: ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. 1982ರಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಯಂತ್ರ ಬಳಸಲಾಯಿತು. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 1988ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆ ಎಲ್ಲ ಕ್ಷೇತ್ರಗಳಲ್ಲೂ ಯಂತ್ರದಿಂದಲೇ ನಡೆಯಿತು.

ಇಂದಿನ ಮತಗಟ್ಟೆಯಲ್ಲಿ ಮೂರು ಪೆಟ್ಟಿಗೆಗಳಿರುತ್ತವೆ.

ಮೊದಲನೆಯದು ಮತದಾನ ಘಟಕ, ಅಂದರೆ ಬ್ಯಾಲೆಟ್ ಯೂನಿಟ್. ಇದು ಕೇವಲ ಗುಂಡಿಗಳ ಫಲಕ. ಒಂದರಲ್ಲಿ 16 ನೀಲಿ ಗುಂಡಿಗಳು. ಪಕ್ಕದಲ್ಲಿ ಅಭ್ಯರ್ಥಿಯ ಹೆಸರು, ಭಾವಚಿತ್ರ, ಚಿಹ್ನೆ. ದೃಷ್ಟಿ ಇಲ್ಲದವರಿಗಾಗಿ ಬ್ರೈಲ್ ಅಂಕಿ. ಇದು ಮರೆಯೊಳಗೆ ಇರುತ್ತದೆ. ಮತಗಳ ಎಣಿಕೆ ಇದರಲ್ಲಿ ಉಳಿಯುವುದಿಲ್ಲ. ಇದಕ್ಕೆ ಬೇಕಾದ ವಿದ್ಯುತ್ತೂ ನಿಯಂತ್ರಣ ಘಟಕದಿಂದಲೇ ಬರುತ್ತದೆ.

ಎರಡನೆಯದು ನಿಯಂತ್ರಣ ಘಟಕ, ಕಂಟ್ರೋಲ್ ಯೂನಿಟ್. ಅಂಕಿ ತೋರಿಸುವ ಪರದೆ, ಮತಗಳ ನೆನಪು, ಬ್ಯಾಟರಿ ಇರುವುದು ಇದರಲ್ಲಿ. ಇದು ಮತಗಟ್ಟೆ ಅಧಿಕಾರಿಯ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ.

ಮೂರನೆಯದು ವಿವಿಪ್ಯಾಟ್. ಒತ್ತಿದ ಚಿಹ್ನೆಯ ಚೀಟಿಯನ್ನು ಇದು ಗಾಜಿನ ಕಿಂಡಿಯಲ್ಲಿ 7 ಸೆಕೆಂಡು ತೋರಿಸಿ ಪೆಟ್ಟಿಗೆಗೆ ಬೀಳಿಸುತ್ತದೆ. ಇದೂ ಮರೆಯೊಳಗೇ ಇರುತ್ತದೆ.

ಮತದಾನ ಘಟಕದ ತಂತಿ ವಿವಿಪ್ಯಾಟಿಗೆ, ವಿವಿಪ್ಯಾಟಿನ ತಂತಿ ನಿಯಂತ್ರಣ ಘಟಕಕ್ಕೆ ಸೇರುತ್ತದೆ. ಮೇಜಿಗೂ ಮರೆಗೂ ನಡುವಿನ ತಂತಿ ಸುಮಾರು 5 ಮೀಟರ್. ತಂತಿ ಜೋಡಿಸುವಾಗಲೂ ಬಿಡಿಸುವಾಗಲೂ ನಿಯಂತ್ರಣ ಘಟಕದ ಸ್ವಿಚ್ ಆಫ್ ಇರಬೇಕು. ಈ ನಿಯಮವನ್ನು ಪ್ರಶಿಕ್ಷಣಾರ್ಥಿಗಳು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ನಾಳೆ ಶಿಕ್ಷಕರಾದ ಮೇಲೆ ಚುನಾವಣಾ ಕರ್ತವ್ಯ ತಪ್ಪಿದ್ದಲ್ಲ.

ಯಾರ ಕೈಯಲ್ಲಿ ಏನು

ಎರಡೂ ಘಟಕಗಳಲ್ಲಿ ಗುಂಡಿಗಳಿವೆ, ಆದರೆ ಅಧಿಕಾರ ಬೇರೆ. ಅಧಿಕಾರಿ 'ಬ್ಯಾಲೆಟ್' ಗುಂಡಿ ಒತ್ತಿದಾಗ ಒಂದೇ ಒಂದು ಮತಕ್ಕೆ ಅನುಮತಿ ಸಿಗುತ್ತದೆ. ನಿಯಂತ್ರಣ ಘಟಕದಲ್ಲಿ ಕೆಂಪು ದೀಪ, ಮತದಾನ ಘಟಕದಲ್ಲಿ ಹಸಿರು ದೀಪ ಹೊತ್ತುತ್ತದೆ. ಮತದಾರ ಒತ್ತಿದ ಮೇಲೆ ಉದ್ದನೆಯ ಬೀಪ್ ಕೇಳಿಸುತ್ತದೆ. ಆಮೇಲೆ ಅವರು ಎಷ್ಟು ಸಲ ಒತ್ತಿದರೂ ಲೆಕ್ಕಕ್ಕಿಲ್ಲ.

'ಟೋಟಲ್' ಒತ್ತಿದರೆ ಅಲ್ಲಿಯವರೆಗೆ ಬಿದ್ದ ಒಟ್ಟು ಮತಗಳ ಸಂಖ್ಯೆ ಮಾತ್ರ ಕಾಣುತ್ತದೆ. ಯಾರಿಗೆ ಎಷ್ಟು ಎಂಬುದು ಕಾಣುವುದಿಲ್ಲ. 'ಕ್ಲೋಸ್' ಒತ್ತಿ ಮತದಾನ ಮುಗಿಸುವವರೆಗೆ 'ರಿಸಲ್ಟ್' ಕೆಲಸ ಮಾಡುವುದಿಲ್ಲ. ಪರದೆ ಏನು ತೋರಿಸುತ್ತದೆ ಎಂಬುದರಷ್ಟೇ ಏನು ತೋರಿಸುವುದಿಲ್ಲ ಎಂಬುದೂ ಇಲ್ಲಿ ಮುಖ್ಯ. ಈ ಒಂದು ಅಂಶ ಮಕ್ಕಳಿಗೆ ಗೊತ್ತಾದರೆ ಪಾಠ ಮುಟ್ಟಿತು ಎನ್ನಬಹುದು.

ಗುಂಡಿ ಒತ್ತಿದ್ದು ಹೇಗೆ ಗೊತ್ತಾಗುತ್ತದೆ

ಗುಂಡಿಫಲಕ ದೂರ ಹೋದಂತೆ ತಂತಿಯ ಲೆಕ್ಕ ಬರುತ್ತದೆ. 16 ಗುಂಡಿಗೆ ತಲಾ ಎರಡು ತಂತಿ ಎಂದರೆ 32. ಒಂದು ತಂತಿಯನ್ನು ಎಲ್ಲಕ್ಕೂ ಸಾಮಾನ್ಯ ಮಾಡಿದರೆ 17. ಗುಂಡಿಗಳನ್ನು ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳಾಗಿ ಜೋಡಿಸಿದರೆ 8 ಸಾಕು. ಉಪಕರಣವು ಅಡ್ಡಸಾಲುಗಳಿಗೆ ಒಂದಾದ ಮೇಲೊಂದರಂತೆ ಅತಿ ವೇಗವಾಗಿ ವಿದ್ಯುತ್ ಕೊಟ್ಟು, ಯಾವ ಕಂಬಸಾಲಿನಿಂದ ಅದು ಮರಳಿತೆಂದು ನೋಡುತ್ತದೆ. ಎರಡನೆಯ ಅಡ್ಡಸಾಲು, ಮೂರನೆಯ ಕಂಬಸಾಲು ಕೂಡಿದರೆ ಒತ್ತಿದ್ದು ಏಳನೆಯ ಗುಂಡಿ. ಕ್ಯಾಲ್ಕ್ಯುಲೇಟರ್, ಹಳೆಯ ಮೊಬೈಲುಗಳ ಕೀಪ್ಯಾಡ್ ಕೆಲಸ ಮಾಡುವುದು ಹೀಗೆ. ಕಪ್ಪುಹಲಗೆಯ ಮೇಲೆ ಚೌಕ ಬರೆದು ಮಕ್ಕಳಿಂದ ಗುಂಡಿ ಗುರುತಿಸಿಸಿದರೆ ಇದು ಆಟದಂತಾಗುತ್ತದೆ.

ಇನ್ನೊಂದು ಸಂಗತಿ: ಗುಂಡಿಯೊಳಗಿನ ಲೋಹದ ತುದಿಗಳು ಒಮ್ಮೆಗೇ ಗಟ್ಟಿಯಾಗಿ ಕೂಡುವುದಿಲ್ಲ. ಕೆಲವು ಮಿಲಿಸೆಕೆಂಡು ತಾಗಿ ಬಿಟ್ಟು ಪುಟಿಯುತ್ತವೆ. ಒಂದು ಒತ್ತನ್ನು ಹಲವೆಂದು ಎಣಿಸದಂತೆ ಉಪಕರಣ ತುಸು ಕಾದು ಖಚಿತಪಡಿಸಿಕೊಳ್ಳುತ್ತದೆ. ಮತಯಂತ್ರದಲ್ಲಿ ಇದರ ಜೊತೆಗೆ, ಒತ್ತಿದ ಗುಂಡಿಯ ಮಾಹಿತಿ ತಂತಿಯಲ್ಲಿ ಸಂಕೇತ ರೂಪದಲ್ಲಿ ಸಾಗುತ್ತದೆ.

ತರಗತಿಯ ಮಾದರಿ

ನಿಜವಾದ ಯಂತ್ರವನ್ನು ತರಗತಿಗೆ ತರಲಾಗದು, ಅದರ ಅಗತ್ಯವೂ ಇಲ್ಲ. ಎರಡು ರಟ್ಟಿನ ತುಂಡು, ನಾಲ್ಕು ಕರೆಗಂಟೆಯ ಗುಂಡಿ, ನಾಲ್ಕು ಟಾರ್ಚ್ ಬಲ್ಬು, 1.5 ವೋಲ್ಟಿನ ಎರಡು ಸೆಲ್ಲು, ಒಂದು ಸ್ವಿಚ್, ತಂತಿ, ಒಂದಿಷ್ಟು ಹುಣಸೆಬೀಜ ಸಾಕು.

ಹಂತ 1: ಗುಂಡಿ, ಬಲ್ಬು ಎಲ್ಲವನ್ನೂ ಒಂದೇ ರಟ್ಟಿನ ಮೇಲೆ ಜೋಡಿಸಿ ಮತ ಹಾಕಿಸಿ. ಯಾರು ಯಾರಿಗೆ ಒತ್ತಿದರೆಂದು ಇಡೀ ತರಗತಿಗೆ ಗೊತ್ತಾಗುತ್ತದೆ. ಮೊಬೈಲಿನ ಚುನಾವಣೆಯಲ್ಲಿ ಆದದ್ದೂ ಇದೇ.

ಹಂತ 2: ಗುಂಡಿಗಳ ರಟ್ಟನ್ನು ಬೇರ್ಪಡಿಸಿ, ಐದು ತಂತಿಗಳಿಂದ 5 ಮೀಟರ್ ದೂರದ ಮರೆಗೆ ಒಯ್ಯಿರಿ. ಈಗ ಬೆರಳು ಕಾಣುವುದಿಲ್ಲ, ಆದರೆ ಮೇಜಿನ ಮೇಲೆ ಹೊತ್ತುವ ಬಲ್ಬು ಗುಟ್ಟನ್ನು ಹೇಳಿಬಿಡುತ್ತದೆ. ಬೇರ್ಪಡಿಸಿದ ಮಾತ್ರಕ್ಕೆ ಸಾಲದು ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ, ನೀವು ಹೇಳಬೇಡಿ.

ಹಂತ 3: ಸಾಮಾನ್ಯ ತಂತಿಯ ನಡುವೆ, ಮೇಜಿನ ಕಡೆ, ಸ್ವಿಚ್ ಸೇರಿಸಿ. ಇದೇ 'ಬ್ಯಾಲೆಟ್' ಗುಂಡಿ. 'ಅಧಿಕಾರಿ'ಯಾದ ಮಗು ಸ್ವಿಚ್ ಹಾಕಿದರೆ ಮಾತ್ರ ಬಲ್ಬು ಹೊತ್ತುತ್ತದೆ. ಸರಣಿ ಜೋಡಣೆಯ ಉಪಯೋಗ ಇಲ್ಲಿ ತಾನಾಗಿ ತಿಳಿಯುತ್ತದೆ.

ಹಂತ 4: ಬಲ್ಬುಗಳನ್ನು ಒಂದು ಪೆಟ್ಟಿಗೆಯೊಳಗಿಟ್ಟು ಒಬ್ಬ ಮಗುವನ್ನು 'ನೆನಪು' ಎಂದು ಕೂರಿಸಿ. ಬಲ್ಬು ಹೊತ್ತಿದಾಗ ಆ ಮಗು ಆಯಾ ಡಬ್ಬಿಗೆ ಒಂದು ಹುಣಸೆಬೀಜ ಹಾಕಿ "ಬೀಪ್" ಎನ್ನಬೇಕು. ಹೊರಗಿನ ಸ್ಲೇಟಿನಲ್ಲಿ ಒಟ್ಟು ಸಂಖ್ಯೆಯನ್ನು ಮಾತ್ರ ಬರೆಯಬೇಕು. ಬೀಪ್ ಕೇಳಿದೊಡನೆ ಅಧಿಕಾರಿ ಸ್ವಿಚ್ ತೆಗೆಯಬೇಕು. "ಕ್ಲೋಸ್" ಎಂದ ಮೇಲೆಯೇ ಡಬ್ಬಿ ತೆರೆಯಬೇಕು.

ಕೊನೆಗೆ ಬೀಜಗಳ ಮೊತ್ತ, ಸ್ಲೇಟಿನ ಸಂಖ್ಯೆ, ಸಹಿ ಹಾಕಿದ ಮಕ್ಕಳ ಪಟ್ಟಿ ಮೂರೂ ತಾಳೆಯಾಗಬೇಕು. ಇಲ್ಲಿ ಒಬ್ಬ ಮಗು 'ನೆನಪಿನ' ಮೇಲೆಯೇ ಅನುಮಾನ ಎತ್ತುವುದುಂಟು: "ಅವ ಬ್ಯಾರೆ ಡಬ್ಬಿಗಿ ಹಾಕಿದ್ರ?" ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಮತದಾನಕ್ಕೆ ಮೊದಲು ಪಕ್ಷಗಳ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ನಡೆಸುವುದು, ವಿವಿಪ್ಯಾಟ್ ಬಂದಿರುವುದು, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸುವುದು ಎಲ್ಲವೂ ಇದೇ ಪ್ರಶ್ನೆಗಾಗಿ.

ಗಣಿತಕ್ಕೊಂದು ಲೆಕ್ಕ

ಗುಂಡಿಫಲಕ ಬೇರೆಯಾಗಿರುವುದರಿಂದ ಇನ್ನೊಂದು ಲಾಭವಿದೆ: ಅಭ್ಯರ್ಥಿಗಳು ಹೆಚ್ಚಾದರೆ ಫಲಕಗಳನ್ನಷ್ಟೇ ಹೆಚ್ಚಿಸಬಹುದು. ಹಳೆಯ ಮಾದರಿಗೆ 4, ಈಗಿನ ಮಾದರಿಗೆ 24 ಮತದಾನ ಘಟಕಗಳನ್ನು ಜೋಡಿಸಬಹುದು. ಅಂದರೆ ನೋಟಾ ಸೇರಿ 64 ಮತ್ತು 384 ಗುಂಡಿಗಳು. ನಮ್ಮ ನೆರೆಯ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 1996ರಲ್ಲಿ 456 ಅಭ್ಯರ್ಥಿಗಳು ಕಣದಲ್ಲಿದ್ದರು. ಆಗ ಇದ್ದದ್ದು ಕಾಗದದ ಮತಪತ್ರ. ಇಂದು ಹಾಗಾದರೆ ಎಷ್ಟು ಘಟಕ ಬೇಕು, ಯಂತ್ರ ಸಾಕಾದೀತೇ ಎಂದು ಮಕ್ಕಳಿಗೆ ಕೇಳಿ. ನೋಟಾ ಸೇರಿ 457 ಗುಂಡಿಗೆ 29 ಘಟಕ ಬೇಕು. ಯಂತ್ರ ಸಾಲದು, ಕಾಗದಕ್ಕೇ ಮರಳಬೇಕು.

ತಿಳಿಯದಿದ್ದರೆ ಏನಾಗುತ್ತದೆ

2023ರ ಮೇ 10, ವಿಧಾನಸಭಾ ಚುನಾವಣೆಯ ದಿನ. ನಮ್ಮ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಮಸಬಿನಾಳದಲ್ಲಿ, ಮೀಸಲು ಯಂತ್ರಗಳನ್ನು ಒಯ್ಯುತ್ತಿದ್ದ ವಾಹನವನ್ನು ತಡೆದು ಜನ ಯಂತ್ರಗಳನ್ನು ಒಡೆದರು. ಮತ ಬಿದ್ದ ಯಂತ್ರಗಳನ್ನೇ ಸಾಗಿಸುತ್ತಿದ್ದಾರೆಂಬ ಗಾಳಿಮಾತು ಹಬ್ಬಿತ್ತು. ಹಲವರ ಬಂಧನವೂ ಆಯಿತು. ಆ ವಾಹನದಲ್ಲಿದ್ದದ್ದು ಕೆಟ್ಟ ಯಂತ್ರದ ಬದಲಿಗೆ ಇಡಲು ತಂದಿದ್ದವು, ಮತದಾನಕ್ಕೆ ಬಳಸಿದವಲ್ಲ.

ಯಂತ್ರ ಬಿಡಿಬಿಡಿಯಾಗಿರುವುದರಿಂದಲೇ ಮೀಸಲು ಇಡಲು ಸಾಧ್ಯ. ಮತದಾನದ ನಡುವೆ ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸುತ್ತಾರೆ. ನಿಯಂತ್ರಣ ಘಟಕ ಅಥವಾ ಮತದಾನ ಘಟಕ ಕೆಟ್ಟರೆ ಮೂರನ್ನೂ ಬದಲಿಸುತ್ತಾರೆ. ಅಲ್ಲಿಯವರೆಗಿನ ಮತಗಳು ಹಳೆಯ ನಿಯಂತ್ರಣ ಘಟಕದಲ್ಲಿ ಭದ್ರವಾಗಿ ಉಳಿಯುತ್ತವೆ. ಜನರಿಗೆ ಪ್ರಶ್ನೆ ಕೇಳುವ ಹಕ್ಕಿದೆ. "ಇದು ಬಳಸಿದ್ದೋ ಮೀಸಲೋ, ಸಂಖ್ಯೆ ತೋರಿಸಿ" ಎಂದು ಕೇಳಲು ಬರುವವರು ಕಲ್ಲು ಎತ್ತುವ ಸಂಭವ ಕಡಿಮೆ. ಈ ಪಾಠದ ನಿಜವಾದ ಕಲಿಕಾ ಫಲ ಇದೇ.

ಬಬಲೇಶ್ವರ, ತಿಕೋಟಾ ಭಾಗದ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಾದರಿಗೆ ನಿಜವಾದ ಪಕ್ಷಗಳ ಚಿಹ್ನೆ ಬಳಸಬೇಡಿ. ಮಾವು, ಬಾಳೆ, ದ್ರಾಕ್ಷಿ, ದಾಳಿಂಬೆ ಸಾಕು. ಯಂತ್ರ ಸರಿಯೋ ತಪ್ಪೋ ಎಂಬ ರಾಜಕೀಯ ವಾದಕ್ಕೆ ಇಳಿಯಬೇಡಿ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬುದನ್ನು ತೋರಿಸಿ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. ಮತದಾನ ಘಟಕ ಕಳೆದುಹೋದರೆ ಅದುವರೆಗಿನ ಮತಗಳು ಕಳೆದವೇ? ಏಕೆ?
2. 'ಟೋಟಲ್' ಗುಂಡಿ ಅಭ್ಯರ್ಥಿವಾರು ಮತಗಳನ್ನೂ ತೋರಿಸಿದ್ದರೆ ಏನು ತೊಂದರೆಯಾಗುತ್ತಿತ್ತು?
3. ತಕ್ಕಡಿಯ ಪರದೆಯನ್ನೂ ಮತಯಂತ್ರದ ಗುಂಡಿಗಳನ್ನೂ ಬೇರ್ಪಡಿಸಿರುವ ಕಾರಣಗಳನ್ನು ಹೋಲಿಸಿ.
4. ನಿಮ್ಮ ಶಾಲಾ ಸಂಸತ್ತಿನ ಚುನಾವಣೆಯನ್ನು ಮೊಬೈಲಿನಲ್ಲಿಯೇ ನಡೆಸಬೇಕಾದರೆ ಗುಟ್ಟು ಉಳಿಸಲು ಏನು ಮಾಡುವಿರಿ?

ನಾಲ್ಕನೆಯ ಪ್ರಶ್ನೆಗೆ ಆ ಹುಡುಗಿಯ ತರಗತಿಯಲ್ಲೇ ಒಂದು ಉತ್ತರ ಬಂತು: ಮೊಬೈಲನ್ನು ಮರೆಯೊಳಗಿಡುವುದು, ಸರ್ ಹೊರಗೆ ಕುಳಿತು ಬೀಪ್ ಮಾತ್ರ ಕೇಳುವುದು. "ಆದರ ಒಬ್ಬ ಎರಡ ಸಲ ಒತ್ತಿದ್ರ?" ಎಂದು ಹಿಂದಿನ ಬೆಂಚಿನಿಂದ ಇನ್ನೊಂದು ದನಿ ಬಂತು. ಆ ಪ್ರಶಿಕ್ಷಣಾರ್ಥಿಯ ಮುಂದಿನ ಪಾಠ ಅಲ್ಲಿಂದಲೇ ಶುರುವಾಯಿತು.